ಗಾಳಿ ಕಳೆದು ಅಳೆದವಳು

ಬೋಸಿಬೋರಿ ಒಮ್ಮೆ ಸೌದೆ ರಾಶಿಯೊಳಗೆ ಕೈ ಹಾಕಿ ಒಂದು ಕೋಳಿಯನ್ನೂ ಅದರ ಏಳು ಮರಿಗಳನ್ನೂ ಹೊರಗೆ ತೆಗೆದಿದ್ದಳು. "ಒಸೊರೊ, ಬರ್ಕೋ. ಒಂದು ಸಂಸಾರ ವಾಸ ಮಾಡೋವಷ್ಟು ಜಾಗ ಕಳಿ" ಎಂದಳು. ನಾನು ಬರೆದುಕೊಂಡೆ. ಸೌದೆ ತಂದಿದ್ದವನು ಕೋಳಿ ತನ್ನದಲ್ಲವೆಂದು ಆಣೆ ಇಟ್ಟ. ಸಂಜೆ ಕತ್ತಲಾಗುವ ಹೊತ್ತಿಗೆ ಹೆಂಡತಿಯನ್ನು ಕಳಿಸಿ ಆ ಕೋಳಿಯನ್ನು ಮನೆಗೆ ಕರೆಸಿಕೊಂಡ.

ನಮ್ಮದು ಕಿಸೀ ಗುಡ್ಡದ ಮೇಲಿನ ಟೀ ಫ್ಯಾಕ್ಟರಿ. ಎಲೆ ಒಣಗಬೇಕಾದರೆ ಬಾಯ್ಲರ್ ಉರಿಯಬೇಕು, ಬಾಯ್ಲರ್ ಉರಿಯಬೇಕಾದರೆ ನೀಲಗಿರಿ ಸೌದೆ ಬೇಕು. ಸುತ್ತಲಿನ ರೈತರು ಕಡಿದು ತಂದು ಯಾರ್ಡಿನಲ್ಲಿ ಪೇರಿಸುತ್ತಾರೆ. ಉದ್ದ, ಅಗಲ, ಎತ್ತರ ಅಳೆದು ನಾವು ಕೊಳ್ಳುತ್ತೇವೆ. ಪೇರಿಸುವುದು ನಮ್ಮವರಿಗೆ ತಾತನಿಂದ ಬಂದ ವಿದ್ಯೆ. ಡೊಂಕು ತುಂಡುಗಳನ್ನು ಜಗಳವಾಡಿದ ಗಂಡಹೆಂಡಿರ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿಸಿದರೆ ನಡುವೆ ಒಂದು ಮಗು ಆಡುವಷ್ಟು ಜಾಗ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಗೋಡೆ. ಹೀಗೆ ಗಾಳಿಯನ್ನು ಸೌದೆಯ ಬೆಲೆಗೆ ಮಾರುವ ಜಾಣರು ನಾವು.

ಅಂಥ ಜಾಣರ ನಡುವೆ ಇಪ್ಪತ್ತೆರಡು ವರ್ಷ ಸೌದೆ ಅಳೆದವಳು ಬೋಸಿಬೋರಿ. ಅಳತೆ ಅವಳದು, ಬರಹ ನನ್ನದು. ಕುಳ್ಳಗೆ, ಗಟ್ಟಿಮುಟ್ಟಾಗಿ, ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡು ಬರುತ್ತಿದ್ದಳು. ಕೈಯಲ್ಲಿ ಮೀಟರ್ ಉದ್ದದ ಕರಿಮರದ ಕೋಲು, ಅದರ ಎರಡು ತುದಿಗೂ ಹಿತ್ತಾಳೆ ಕಟ್ಟು. ರಾಶಿಯ ಸುತ್ತ ಒಂದು ಸುತ್ತು ಹಾಕಿ, ಅಲ್ಲಲ್ಲಿ ಕೋಲಿನಿಂದ ಬಡಿದು ಸದ್ದು ಕೇಳಿ, ಅನುಮಾನ ಬಂದ ಕಡೆ ತೋಳನ್ನು ಭುಜದವರೆಗೆ ಒಳಗೆ ತೂರಿಸುತ್ತಿದ್ದಳು. ಆಮೇಲೆ ತೀರ್ಪು.

"ಇದು ಐದಲ್ಲ, ನಾಲ್ಕೂಕಾಲು. ಮಿಕ್ಕಿದ್ದು ನಿನ್ನ ಉಸಿರು. ಮನೆಗೆ ತಗೊಂಡು ಹೋಗಪ್ಪ, ವಯಸ್ಸಾದಾಗ ಬೇಕಾಗುತ್ತೆ."

ಅವಳ ಗಂಡ ಮೊಕಾಯಾ ಅದೇ ಫ್ಯಾಕ್ಟರಿಯಲ್ಲಿ ಬಾಯ್ಲರಿಗೆ ಸೌದೆ ಹಾಕುವವನು. ಹೆಂಡತಿ ಅಳೆದದ್ದನ್ನು ಗಂಡ ಸುಡುತ್ತಿದ್ದ. ನಮ್ಮ ಗುಡ್ಡದಲ್ಲಿ ಮಧ್ಯಾಹ್ನ ಮೂರಾಯಿತೆಂದರೆ ಮಳೆ. ಯಾರ್ಡಿಗೆ ಸೂರಿಲ್ಲ. ಸೌದೆ ನೆನೆದು ನೆನೆದು ಬಾಯ್ಲರಿನ ಬಾಯಿಗೆ ಬರುವಾಗ ಅದರಿಂದ ನೀರು ತೊಟ್ಟಿಕ್ಕುತ್ತಿರುತ್ತಿತ್ತು. "ಅರ್ಧ ಬೆಂಕಿ ಸೌದೆಯ ನೀರು ಕುದಿಸೋಕೇ ಹೋಗುತ್ತೆ, ಮಿಕ್ಕರ್ಧ ಟೀಗೆ, ಹೊಗೆ ಪೂರ್ತಿ ನನಗೆ" ಎನ್ನುತ್ತಿದ್ದ ಮೊಕಾಯಾ. ಅವನು ಕೆಮ್ಮಿದರೆ ಎಲೆ ತೂಗುವ ಕಡೆಯವರೆಗೂ ಕೇಳಿಸುತ್ತಿತ್ತು. ಕ್ಲಿನಿಕ್ಕಿನವರು ಹೊಗೆ ಬಿಡು ಎಂದಿದ್ದರು. ಸಿಗರೇಟು ಸೇದುವವನಾಗಿದ್ದರೆ ಬಿಡುತ್ತಿದ್ದ.

ಸೌದೆಗೊಂದು ಸೂರು ಹಾಕಿಸಿಕೊಡಿ ಎಂದು ಬೋಸಿಬೋರಿ ಹನ್ನೊಂದು ಅರ್ಜಿ ಕೊಟ್ಟಿದ್ದಳು. ಹನ್ನೊಂದನ್ನೂ ಬರೆದವನು ನಾನೇ. ಹನ್ನೊಂದಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ. ಅಷ್ಟರಲ್ಲಿ ಮ್ಯಾನೇಜರ್ ನ್ಯಾರಿಬೊ ಸಾಹೇಬರ ಕಾರಿಗೆ ಸೂರಾಯಿತು, ಧ್ವಜಸ್ತಂಭಕ್ಕೆ ಕಟ್ಟೆಯಾಯಿತು.

ಹೀಗಿರುವಾಗ ಹವಾಮಾನ ಬದಲಾವಣೆ ನಮ್ಮ ಫ್ಯಾಕ್ಟರಿಗೆ ಬಂತು. ಅಂದರೆ ಅದರ ಸುದ್ದಿ ಬಂತು. ನಮ್ಮ ಟೀ ಕೊಳ್ಳುವ ಯುರೋಪಿನ ಕಂಪನಿ ಒಂದು ಪಂದ್ಯ ಹೂಡಿತು. ನಮ್ಮದೂ ಹೊಳೆಯಾಚೆಯದೂ, ಎರಡು ಫ್ಯಾಕ್ಟರಿಗಳ ನಡುವೆ. ಒಂದು ಕಿಲೋ ಟೀ ಮಾಡಲು ಎಷ್ಟು ಹೊಗೆ ಬಿಡುತ್ತೀರೆಂದು ಲೆಕ್ಕ ಹಾಕುತ್ತೇವೆ, ಕಳೆದ ವರ್ಷದ ಲೆಕ್ಕಕ್ಕಿಂತ ಈ ವರ್ಷ ಯಾರು ಹೆಚ್ಚು ಇಳಿಸುತ್ತಾರೋ ಅವರಿಗೆ ಒಂದು ಫಲಕ, ಜೊತೆಗೆ ಸೌದೆ ಒಣಗಿಸಲು ಕಬ್ಬಿಣದ ಕಂಬ, ತಗಡಿನ ಸೂರಿನ ದೊಡ್ಡ ಶೆಡ್ಡು.

ಶೆಡ್ಡು ಎಂಬ ಮಾತು ಕಿವಿಗೆ ಬಿದ್ದ ದಿನ ಬೋಸಿಬೋರಿ ನನಗೆ ಬೇಯಿಸಿದ ಬಾಳೆಕಾಯಿ ತಂದುಕೊಟ್ಟಳು. ಅವಳು ಸುಮ್ಮಸುಮ್ಮನೆ ಏನೂ ಕೊಡುವವಳಲ್ಲ. "ಹನ್ನೆರಡನೇ ಅರ್ಜಿ ಬರೆಯೋ ಕಷ್ಟ ತಪ್ಪಿತು ನಿನಗೆ" ಎಂದಳು. ಆ ದಿನ ಅವಳ ಮುಖ ನೋಡಬೇಕಿತ್ತು.

ಲೆಕ್ಕ ಹಾಕಲು ನೈರೋಬಿಯಿಂದ ಮುಸ್ಯೋಕಿ ಎಂಬ ಹುಡುಗ ಬಂದ. ಒಳ್ಳೆಯವನೇ. ಷೂ ತುಂಬ ಕೆಸರು ಮಾಡಿಕೊಂಡು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಕಂಡದ್ದನ್ನೆಲ್ಲ ಎಣಿಸಿದ. ಜನರೇಟರಿನ ಡೀಸೆಲ್, ಎಲೆ ತರುವ ಲಾರಿಗಳು, ಕ್ಯಾಂಟೀನಿನ ಇದ್ದಿಲು ಒಲೆ. ಹುಲ್ಲುಹಾಸಿನ ಮೇಲೆ ಮೇಯುತ್ತಿದ್ದ ನ್ಯಾರಿಬೊ ಸಾಹೇಬರ ಎರಡು ಹಸುಗಳ ಮುಂದೆ ನಿಂತು, "ಇವೂ ಫ್ಯಾಕ್ಟರಿಯವಾ ಸಾರ್? ಹಸು ತೇಗಿದ್ರೂ ಲೆಕ್ಕಕ್ಕೆ ಬರುತ್ತೆ" ಎಂದ.

"ಹಸುಗಳಾ? ಯಾವ ಹಸುಗಳು?" ಎಂದರು ಸಾಹೇಬರು.

ಮರುದಿನ ಬೆಳಿಗ್ಗೆ ಹಸುಗಳು ಬೇಲಿಯಾಚೆ ಸಾಹೇಬರ ಅತ್ತೆಯ ಹೊಲದಲ್ಲಿ ನಿಂತು, ನಮ್ಮ ಕಡೆಗೇ ಮುಖ ಮಾಡಿ ತೇಗುತ್ತಿದ್ದವು. ಮುಂದಿನ ತಿಂಗಳು ಎಲೆ ಲಾರಿಗಳನ್ನು ಸಾಹೇಬರ ಭಾಮೈದನಿಗೆ ಗುತ್ತಿಗೆ ಕೊಟ್ಟರು. ಲಾರಿ ಅದೇ, ಡ್ರೈವರ್ ಅವನೇ, ಹೊಗೆ ಮೊದಲಿಗಿಂತ ಕಪ್ಪು. ಬಾಗಿಲಿನ ಮೇಲಿನ ಹೆಸರು ಬದಲಾಗಿತ್ತು, ಅಷ್ಟೆ. "ಇನ್ನು ಆ ಹೊಗೆ ನಮ್ಮದಲ್ಲ" ಎಂದು ಸಾಹೇಬರು ಸಭೆಯಲ್ಲಿ ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ಇಷ್ಟೆಲ್ಲ ಮಾಡಿದರೂ ಮುಸ್ಯೋಕಿ ಲಾರಿಯನ್ನೂ ಹಸುವನ್ನೂ ಎರಡೂ ವರ್ಷದ ಲೆಕ್ಕದಿಂದ ತೆಗೆದುಹಾಕಿ, "ಮುಖ್ಯ ಇರೋದು ಸೌದೇಲಿ ಸಾರ್. ಪಂದ್ಯ ಗೆಲ್ಲೋದೂ ಸೋಲೋದೂ ಅದರಲ್ಲೇ" ಎಂದುಬಿಟ್ಟ.

ಸೌದೆಯ ಲೆಕ್ಕ ನನ್ನ ಪುಸ್ತಕದಲ್ಲಿತ್ತು. ಕಳೆದ ವರ್ಷ ಒಂದು ಟನ್ ಟೀಗೆ ಆರು ಘನ ಮೀಟರ್ ಸೌದೆ. ಹೊಳೆಯಾಚೆಯವರ ಪುಸ್ತಕದಲ್ಲಿ ಒಂಬತ್ತು. ಅದೇ ಮಳೆ, ಅದೇ ಮರ, ಒಂದೇ ತರದ ಬಾಯ್ಲರ್. ನಮಗೆ ಆರು, ಅವರಿಗೆ ಒಂಬತ್ತು ಏಕೆ ಎಂದು ಮುಸ್ಯೋಕಿ ತಲೆ ಕೆರೆದುಕೊಂಡ. ಗುಡ್ಡದ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಆಚೆ ದಡದಲ್ಲಿ ಸೌದೆ ಅಳೆಯುವವನು ಓಗೆಟೊ. ಅವನಿಗೆ ತೋಳನ್ನು ರಾಶಿಯೊಳಗೆ ತೂರಿಸುವ ಅಭ್ಯಾಸವಿಲ್ಲ. ಅಂಗಿ ಕೊಳೆಯಾಗುತ್ತದೆ. ವರ್ಷಕ್ಕೆ ಐದಾರು ಮೇಕೆ ಅವನ ಮನೆಗೆ ತಾವಾಗಿಯೇ ನಡೆದು ಬರುತ್ತವೆ. ಒಂಬತ್ತರಲ್ಲಿ ಆರು ಸೌದೆ, ಮೂರು ಗಾಳಿ.

ಈಗ ನೋಡಿ ತಮಾಷೆ. ಪಂದ್ಯದ ಸುದ್ದಿ ಕೇಳಿದ ಕೂಡಲೇ ಆಚೆ ದಡದ ಮ್ಯಾನೇಜರ್ ಓಗೆಟೊನನ್ನು ಕರೆದು ಒಂದೇ ಮಾತು ಹೇಳಿದನಂತೆ: "ಈ ಒಂದು ವರ್ಷ ಆ ಬೋಸಿಬೋರಿ ತರ ಅಳಿ." ಓಗೆಟೊ ಹಳೆಯ ಅಂಗಿ ತೊಟ್ಟು ಬಂದ. ಗಾಳಿ ಕಳೆದ. ವರ್ಷದ ಕೊನೆಗೆ ಅವರ ಲೆಕ್ಕ ಒಂಬತ್ತರಿಂದ ಆರಕ್ಕೆ ಇಳಿಯಿತು. ಒಂದು ತುಂಡು ಸೌದೆ ಕಡಿಮೆ ಸುಡಲಿಲ್ಲ. ಆದರೂ ಮೂರನೇ ಒಂದು ಭಾಗ ಹೊಗೆ ಮಾಯ. ಇಲ್ಲಿ ನಾವು ಆರರಿಂದ ಆರಕ್ಕೇ ಬಂದು ನಿಂತಿದ್ದೆವು. ಸೂರಿಲ್ಲದೆ ನೆನೆದ ಸೌದೆ ಎಲ್ಲಿಂದ ಕಡಿಮೆಯಾಗಬೇಕು?

ಬೋಸಿಬೋರಿಗೆ ಇದು ತಿಳಿದಾಗ ಅವಳು ಕೋಲನ್ನು ರಾಶಿಗೆ ಒರಗಿಸಿ, ಅದರ ಪಕ್ಕದಲ್ಲೇ ಕೂತುಬಿಟ್ಟಳು. "ಅಂದ್ರೆ ಒಸೊರೊ, ಇಪ್ಪತ್ತೆರಡು ವರ್ಷ ನಾನೂ ಮೇಕೆ ತಿಂದಿದ್ರೆ ಈಗ ನನ್ನ ಗಂಡನಿಗೆ ಶೆಡ್ಡು ಸಿಗ್ತಿತ್ತು, ಅಲ್ವಾ?"

ನಾನು ಪುಸ್ತಕ ಮುಚ್ಚಿ ಅವಳ ಪಕ್ಕದಲ್ಲಿ ಕೂತೆ.

ಎರಡು ದಿನ ಬಿಟ್ಟು ನ್ಯಾರಿಬೊ ಸಾಹೇಬರು ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಅವರ ಹಿಂದೆ ಗೋಡೆಗೆ ಒಂದು ಭಾರಿ ಸುರುಳಿ ಒರಗಿತ್ತು. ಗೆದ್ದೇ ಗೆಲ್ಲುತ್ತೇವೆಂದು ಕಿಸೂಮು ಪಟ್ಟಣದಿಂದ ಮುಂಚಿತವಾಗಿಯೇ ಮಾಡಿಸಿ ತಂದಿದ್ದ ಬ್ಯಾನರ್ ಅದು. ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ದಪ್ಪ ಪ್ಲಾಸ್ಟಿಕ್. "ಭೂಮಿಯ ರಕ್ಷಣೆಯಲ್ಲಿ ನಾವೇ ಮೊದಲು" ಎಂಬ ಬರಹ, ಕೈಯಲ್ಲಿ ಸಸಿ ಹಿಡಿದು ನಗುವ ಸಾಹೇಬರು. ಕೂಸು ಹುಟ್ಟುವ ಮೊದಲೇ ಕುಲಾವಿ.

"ಬಾಮ್ಮ, ಕೂತ್ಕೋ" ಎಂದರು ಸಾಹೇಬರು. ಅವರು ಕೂರು ಎಂದರೆ ಹೆದರಬೇಕು. "ನಿನ್ನ ಪ್ರಾಮಾಣಿಕತೆ ನಮ್ಮನ್ನ ಮುಳುಗಿಸಿದೆ. ಹಳೇ ವರ್ಷದ ಅಳತೆ ತುಂಬಾ ಕಮ್ಮಿ ಇದೆ. ಅದು ಹೆಚ್ಚಿದ್ದಿದ್ರೆ ಈಗ ಇಳಿದ ಹಾಗೆ ಕಾಣ್ತಿತ್ತು. ಅದಕ್ಕೇ ಒಂದು ಪತ್ರ ತಯಾರು ಮಾಡಿದೀನಿ. ಸಹಿ ಹಾಕು, ಶೆಡ್ಡು ನಿನ್ನದು."

ಪತ್ರವನ್ನು ನಾನು ಓದಿ ಹೇಳಿದೆ. ಕಳೆದ ವರ್ಷ ಅಳೆಯಲು ಬಳಸಿದ ಕೋಲು ತುದಿಯಲ್ಲಿ ಐದು ಸೆಂಟಿಮೀಟರ್ ಸವೆದು ಗಿಡ್ಡವಾಗಿತ್ತು, ಆದ್ದರಿಂದ ಅಳತೆ ತಪ್ಪಾಗಿ ಕಡಿಮೆ ಬಂದಿದೆ, ಈ ವರ್ಷ ಹೊಸ ಕೋಲು ಬಳಸಲಾಗಿದೆ, ಹಳೆಯ ಲೆಕ್ಕವನ್ನು ಅದರಂತೆ ತಿದ್ದಿಕೊಳ್ಳಬೇಕು.

ಬೋಸಿಬೋರಿ ಕೋಲಿನ ಹಿತ್ತಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಸಾರ್, ಇದು ಸವೆದಿಲ್ಲ. ಸವೆದಿದೆ ಅಂತಾನೇ ಇಟ್ಕೊಂಡ್ರೂ, ಸವೆದ ಕೋಲು..."

"ನನಗೆ ಲೆಕ್ಕ ಹೇಳ್ಕೊಡ್ತೀಯಾ?" ಸಾಹೇಬರು ಮೇಜು ತಟ್ಟಿದರು. "ಕಾಮರ್ಸ್ ಓದಿದೋನು ನಾನು. ಗಿಡ್ಡ ಕೋಲಿಗೆ ಗಿಡ್ಡ ಲೆಕ್ಕ. ಇಷ್ಟೂ ಗೊತ್ತಾಗಲ್ವಾ?"

"ಅದಲ್ಲ ಸಾರ್, ನಾನು ಹೇಳ್ತಿರೋದು..."

"ನೀನು ಹೇಳೋದು ಬೇಡ. ಸಹಿ ಹಾಕೋದು ಬೇಕು. ಮೊಕಾಯಾನ ಕೆಮ್ಮು ನಾನೂ ಕೇಳಿಸ್ಕೊಳ್ತೀನಿ. ನಿನಗೆ ಗಂಡ ಹೆಚ್ಚಾ, ಕೋಲು ಹೆಚ್ಚಾ? ನಾಳೆವರೆಗೂ ಯೋಚನೆ ಮಾಡು."

ಆ ಸಂಜೆ ನಾನು ಅವಳ ಮನೆಗೆ ಹೋಗಿದ್ದೆ. ಮೆಕ್ಕೆಜೋಳದ ಮುದ್ದೆ ಉಗಾಲಿ, ಸೊಪ್ಪು ಮುಂದಿಟ್ಟುಕೊಂಡು ಯಾರೂ ಉಣ್ಣುತ್ತಿರಲಿಲ್ಲ. ಮೊಕಾಯಾ ಎಲ್ಲವನ್ನೂ ಕೇಳಿಸಿಕೊಂಡು, ಕೆಮ್ಮಿ, ಸುಧಾರಿಸಿಕೊಂಡು, ಹೆಂಡತಿಯ ಕಡೆ ತಿರುಗಿದ.

"ನಂಗೆ ಶೆಡ್ಡು ಬೇಡ ಅಂತ ಸುಳ್ಳು ಹೇಳಲ್ಲ ಕಣೇ. ಬೇಕು. ಆದ್ರೆ ಈ ಗುಡ್ಡದಲ್ಲಿ ನಾವು ಸಂಪಾದಿಸಿರೋದು ಆ ಕೋಲೊಂದೇ. ಕೋಲು ಸುಳ್ಳಿತ್ತು ಅಂತ ನೀನೇ ಬರ್ಕೊಟ್ರೆ, ನಾಳೆ ಆ ಕೋಳಿ ಸಾಕಿದೋನೂ ಬಂದು ನಿನ್ನ ಮುಂದೆ ನಗ್ತಾನೆ. ನನ್ನ ಕೆಮ್ಮಿಗೋಸ್ಕರ ಕೋಲು ಮುರೀಬೇಡ."

ಬೋಸಿಬೋರಿ ಕಣ್ಣೊರೆಸಿಕೊಂಡು ಅವನ ತಟ್ಟೆಗೆ ಸೊಪ್ಪು ಬಡಿಸಿದಳು. "ತಿನ್ನು. ಭಾಷಣ ಮಾಡಿದ್ರೆ ಕೆಮ್ಮು ಹೆಚ್ಚಾಗುತ್ತೆ."

ಮರುದಿನ ಅವಳು ಸಹಿ ಹಾಕಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. "ಪುಸ್ತಕ ಬರೆದೋನು ನೀನು. ನೀನೇ ಹಾಕು." ಇಲ್ಲಿ ನನ್ನ ಬಗ್ಗೆ ಹೊಗಳಿಕೊಳ್ಳಲು ಏನೂ ಇಲ್ಲ. ನಾನು ಹೇಡಿ. ಅದು ಶೆಡ್ಡಿಗಾಗಿ, ಮೊಕಾಯಾನ ಎದೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಸಾಹೇಬರ ಹುಬ್ಬು ನೋಡಿಯೇ ಕೈ ತಾನಾಗಿ ಸಹಿ ಹಾಕಿತು. ಪತ್ರ ಅವತ್ತೇ ನೈರೋಬಿಗೆ ಹೋಯಿತು.

ಯಾರ್ಡಿಗೆ ಬಂದು ಬೋಸಿಬೋರಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೋಲನ್ನು ನನ್ನ ಕೈಗೆ ಕೊಟ್ಟಳು.

"ಆ ಲಾರಿ ಅಳಿ."

ಅಳೆದೆ. ಆರು ಕೋಲು.

ನೆಲದಿಂದ ಒಂದು ಸೌದೆ ಸೀಳು ಹೆಕ್ಕಿ ಕೊಟ್ಟಳು. ಕೋಲಿನ ಅರ್ಧ ಇತ್ತು. "ಈಗ ಇದರಲ್ಲಿ ಅಳಿ."

ಅಳೆಯುತ್ತಾ ಹೋದೆ. ಏಳು, ಎಂಟು, ಒಂಬತ್ತು... ಹತ್ತಕ್ಕೆ ಬರುವಾಗ ಪತ್ರದಲ್ಲಿದ್ದ ಗಿಡ್ಡ ಕೋಲು ನೆನಪಾಯಿತು. ಹನ್ನೆರಡಕ್ಕೆ ನಿಂತೆ.

"ಲಾರಿ ಬೆಳೀತಾ ಒಸೊರೊ?"

"ಇಲ್ಲ ಅಕ್ಕಾ."

"ಕೋಲು ಸವೆದ್ರೆ ಲೆಕ್ಕ ಹೆಚ್ಚಾಗುತ್ತೆ ಕಣೋ, ಕಮ್ಮಿಯಾಗಲ್ಲ. ಅವರಿಗೆ ಬೇಕಾಗಿರೋ ಸುಳ್ಳು ಹೇಳ್ಬೇಕಾದ್ರೆ ನನ್ನ ಕೋಲು ಆ ವರ್ಷ ಬೆಳೆದಿತ್ತು ಅಂತ ಬರೀಬೇಕಿತ್ತು. ಕಡಿದ ಮರ ಬೆಳೆಯೋದನ್ನ ಕಾಮರ್ಸ್‌ನಲ್ಲಿ ಹೇಳ್ಕೊಡ್ತಾರಾ?" ಅವಳು ನಕ್ಕಳು, ಆದರೆ ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಹೇಳೋಕೆ ಹೋದೆ. ಮೇಜು ಬಡಿದ್ರು. ನೀನೂ ಅಲ್ಲೇ ಇದ್ದೆ."

ಹೌದು, ಇದ್ದೆ. ಕಿವಿ ಕೂಡ ಇತ್ತು.

ಮುಸ್ಯೋಕಿ ಲೆಕ್ಕ ಬಲ್ಲವನು. ಪತ್ರವನ್ನು ನಂಬಿ, ಪತ್ರದಂತೆಯೇ ತಿದ್ದಿದ. ಉದ್ದ, ಅಗಲ, ಎತ್ತರ ಮೂರಕ್ಕೂ ಅದೇ ಸವೆದ ಕೋಲಾದ್ದರಿಂದ ಮೂರೂ ಕಡೆ ಕತ್ತರಿಸಿದ. ಕಳೆದ ವರ್ಷದ ಆರು ಐದಕ್ಕೆ ಸ್ವಲ್ಪ ಮೇಲೆ ಇಳಿಯಿತು. ಈ ವರ್ಷದ್ದು ಆರೇ. ಪಂದ್ಯದ ಫಲಿತಾಂಶ ಬಂತು: ಹೊಳೆಯಾಚೆಯವರು ಹೊಗೆ ಇಳಿಸಿದ್ದು ಶೇಕಡಾ ಮೂವತ್ತಮೂರು, ನಾವು ಹೊಗೆ ಏರಿಸಿದ್ದು ಶೇಕಡಾ ಹದಿನೇಳು. ಸುಮ್ಮನಿದ್ದಿದ್ದರೆ ಸೊನ್ನೆಯಾದರೂ ಸಿಗುತ್ತಿತ್ತು.

ಸಾಹೇಬರು ಮುಸ್ಯೋಕಿಗೆ ಫೋನು ಮಾಡಿ ಕಿರುಚಿದ್ದು ಯಾರ್ಡಿಗೇ ಕೇಳಿಸಿತು. ಆ ಕಡೆಯಿಂದ ಅವನು ಗಿಡ್ಡ ಕೋಲಿನ ಗಣಿತವನ್ನು ತಾಳ್ಮೆಯಿಂದ ವಿವರಿಸುತ್ತಿದ್ದನೆಂದು ಕಾಣುತ್ತದೆ. ಇವರ ಕಿರುಚಾಟ ಇಳಿಯುತ್ತಾ ಇಳಿಯುತ್ತಾ ಬಂದು ಕೊನೆಗೆ "ಹೂಂ... ಹೂಂ..." ಆಯಿತು. ಪತ್ರ ಸುಳ್ಳೆಂದು ಒಪ್ಪಿಕೊಂಡರೆ ಇನ್ನೂ ದೊಡ್ಡ ಮಾನಭಂಗ. ನುಂಗಿಕೊಂಡರು. ಮಾಡಿದ್ದುಣ್ಣೋ ಮಹರಾಯ.

ಹೊಳೆಯಾಚೆ ಸಮಾರಂಭವಾಯಿತು. ಯುರೋಪಿನಿಂದ ನಾಲ್ಕು ಜನ ವಿಮಾನ ಹತ್ತಿ ಬಂದು, ಹೊಗೆ ಕಡಿಮೆ ಮಾಡುವುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ಮತ್ತೆ ವಿಮಾನ ಹತ್ತಿ ಹೋದರು. ಓಗೆಟೊನಿಗೆ ಶಾಲು ಹೊದಿಸಿದರು. ಯಶಸ್ಸಿನ ಗುಟ್ಟೇನೆಂದು ಕೇಳಿದಾಗ "ಜಾಗೃತಿ" ಎಂದನಂತೆ. ಎರಡು ತಿಂಗಳಲ್ಲಿ ಶೆಡ್ಡು ಎದ್ದಿತು. ಭಾರಿ ಚೆನ್ನಾಗಿದೆ. ಸೌದೆ ಇಟ್ಟರೆ ನೆಲ ಕೊಳೆಯಾಗುತ್ತದೆಂದು ಅದಕ್ಕೆ ಬೀಗ ಹಾಕಿ, ಒಳಗೆ ಫಲಕವನ್ನೂ ಓಗೆಟೊನ ಮೋಟಾರ್‌ಸೈಕಲ್ಲನ್ನೂ ಇಟ್ಟಿದ್ದಾರೆ. ಅವರ ಸೌದೆ ಈಗಲೂ ಹೊರಗೆ ನೆನೆಯುತ್ತಿದೆ. ಇದನ್ನು ಕೇಳಿದ ದಿನ ಬೋಸಿಬೋರಿ ಮಧ್ಯಾಹ್ನ ಊಟ ಮಾಡಲಿಲ್ಲ.

ಆ ತಿಂಗಳು ಮಳೆ ಜೋರಾಯಿತು. ಮೊಕಾಯಾ ಎರಡು ಸಲ ಬಾಯ್ಲರಿನ ಮುಂದೆಯೇ ಕುಸಿದು ಕೂತ. ಎರಡನೇ ಸಲ ಅವನನ್ನು ಎಬ್ಬಿಸಿ ಕೂರಿಸಿದವನು ನಾನೇ. ಅವನ ಬೆನ್ನು ನೀವುವಾಗ ಸಹಿ ಹಾಕಿದ ನನ್ನ ಕೈ ನನಗೇ ಭಾರವೆನಿಸಿತು. ಸ್ಟೋರಿನ ಬೀಗದ ಕೈ ನನ್ನ ಬಳಿ ಇರುತ್ತದೆ. ನೇರ ಹೋಗಿ ಬಾಗಿಲು ತೆಗೆದೆ. ಮೂಲೆಯಲ್ಲಿ ಆ ಸುರುಳಿ ಬಿದ್ದಿತ್ತು. ನಲವತ್ತು ಅಡಿಗೆ ಇಪ್ಪತ್ತು ಅಡಿ, ದಪ್ಪ ಪ್ಲಾಸ್ಟಿಕ್, ಒಂದು ತೂತಿಲ್ಲ.

ಭುಜದ ಮೇಲೆ ಹೊತ್ತು ತಂದು ಬೋಸಿಬೋರಿಯ ಮುಂದೆ ಹಾಕಿದೆ. "ತಗೋ ಅಕ್ಕಾ. ಹನ್ನೆರಡನೇ ಅರ್ಜಿ."

ಅವಳು ಸುರುಳಿಯನ್ನು ಬಿಡಿಸಿ ನೋಡಿದಳು. ಸಾಹೇಬರು ಸಸಿ ಹಿಡಿದು ನಕ್ಕರು. "ನಿಂಗೆ ಕೆಲಸ ಹೋಗುತ್ತೆ ಕಣೋ."

"ಹೋದ್ರೆ ಹೋಗ್ಲಿ."

ನೀಲಗಿರಿಯ ಎಂಟು ಕಂಬ ನೆಟ್ಟೆವು. ಸೌದೆ ತಂದ ರೈತರೇ ಕೈ ಹಚ್ಚಿದರು. ಕೋಳಿಯವನು ಹಗ್ಗ ತಂದ. ಸಂಜೆಯೊಳಗೆ ರಾಶಿಗಳ ಮೇಲೆ ಸೂರಾಯಿತು. ಬರಹವಿರುವ ಮಗ್ಗುಲು ಮೇಲೆ ಮಾಡಿದರೆ ನೀರು ಚೆನ್ನಾಗಿ ಹರಿಯುತ್ತದೆಂದು ಬೋಸಿಬೋರಿ ಹೇಳಿದಳು. ಅವಳ ಮಾತನ್ನು ನಾವ್ಯಾರೂ ಪರೀಕ್ಷಿಸಲಿಲ್ಲ. ಹೀಗಾಗಿ ಮೂರು ಗಂಟೆಯ ಮಳೆ ದಿನಾ ನೇರವಾಗಿ ಸಾಹೇಬರ ಮುಖದ ಮೇಲೆ ಬೀಳತೊಡಗಿತು.

ಸಾಹೇಬರು ಎರಡನೇ ದಿನ ನೋಡಿದರು. ಆಫೀಸಿನ ಮಹಡಿಯ ಕಿಟಕಿಯಿಂದ ಬೇರೇನೂ ಕಾಣುವುದೇ ಇಲ್ಲ. ಓಡೋಡಿ ಬಂದರು.

"ಯಾರು ಇದನ್ನ ಮಾಡಿದ್ದು?"

"ಸಾರ್" ಎಂದಳು ಬೋಸಿಬೋರಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, "ಭೂಮಿ ರಕ್ಷಣೇಲಿ ನಾವೇ ಮೊದಲು ಅಂತ ಇದರ ಮೇಲೆ ಬರೆದಿದೆ. ಸುಳ್ಳಾಗಬಾರದು ಅಂತ ಹಾಕ್ಸಿದೆ. ತೆಗೀಬೇಕು ಅಂದ್ರೆ ಹೇಳಿ, ಯಾಕೆ ತೆಗೆದ್ವಿ ಅಂತ ಆ ನೈರೋಬಿ ಹುಡುಗನಿಗೆ ಒಸೊರೊ ಒಂದು ಪತ್ರ ಬರೀತಾನೆ. ಅವನ ಕೈಬರಹ ಚೆನ್ನಾಗಿದೆ."

ಸಾಹೇಬರು ನನ್ನನ್ನು ನೋಡಿದರು. ಹುಬ್ಬು ಏರಿತು. ಈ ಸಲ ನನ್ನ ಕೈ ಜೇಬಿನೊಳಗೇ ಇತ್ತು. ಅವರು ಇಳಿಜಾರು ಸೂರಿನ ಮೇಲಿನ ತಮ್ಮದೇ ನಗುಮುಖದ ಕಡೆ ಒಮ್ಮೆ ನೋಡಿ, ಆಫೀಸಿನ ಕಡೆ ಹೊರಟುಹೋದರು.

ಇದಾಗಿ ಒಂದು ವರ್ಷ. ಸೌದೆ ಒಣಗಿತು. ಟನ್ನಿಗೆ ಆರು ಘನ ಮೀಟರ್ ಇದ್ದದ್ದು ಐದಕ್ಕೆ ಇಳಿಯಿತು, ಅದೇ ಕೋಲಿನಲ್ಲಿ, ಗಾಳಿ ಕಳೆದು. ಮೊಕಾಯಾನ ಕೆಮ್ಮು ನಿಂತಿಲ್ಲ, ಆದರೆ ಈಗ ಎಲೆ ತೂಗುವ ಕಡೆಗೆ ಕೇಳಿಸುವುದಿಲ್ಲ. ಮೊನ್ನೆ ಫ್ಯಾಕ್ಟರಿಯ ವಾರ್ಷಿಕ ವರದಿ ಬಂತು. ಯಾರ್ಡಿನಲ್ಲಿ ಮೊಕಾಯಾನನ್ನೂ ಕೂರಿಸಿಕೊಂಡು ಬೋಸಿಬೋರಿಗೆ ಓದಿ ಹೇಳಿದೆ: ಹೊಗೆ ಗಣನೀಯವಾಗಿ ಇಳಿದಿದೆ. ಕಾರಣ, ಮ್ಯಾನೇಜರ್ ನ್ಯಾರಿಬೊ ಅವರು ಸಿಬ್ಬಂದಿಗೆ ನಡೆಸಿದ ಅರ್ಧ ದಿನದ ತರಬೇತಿ.

ನನಗೆ ಮೈಯೆಲ್ಲ ಉರಿಯಿತು. ಅವಳ ಹೆಸರಿಲ್ಲ, ಸೂರಿನ ಮಾತಿಲ್ಲ. ಮೊಕಾಯಾ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಬೋಸಿಬೋರಿ ಅವನಿಗೆ ನೀರು ಕೊಟ್ಟು, ತಲೆಯೆತ್ತಿ ಸೂರನ್ನು ನೋಡಿದಳು. ಸಾಹೇಬರ ಎಡಗಿವಿಯ ಹತ್ತಿರ ಪ್ಲಾಸ್ಟಿಕ್ ಹರಿದು ಕೆಳಗಿನ ರಾಶಿಗೆ ಹನಿ ಬೀಳುತ್ತಿತ್ತು.

"ಹೋಗು ಒಸೊರೊ, ಸಾಹೇಬರಿಗೆ ಹೇಳು" ಎಂದಳು. "ಈ ವರ್ಷ ನಾವೇ ಗೆಲ್ಲೋದು ಗ್ಯಾರಂಟಿ ಅಂತೆ, ಇನ್ನೊಂದು ಬ್ಯಾನರ್ ಮಾಡಿಸಿ ಅನ್ನು. ಇದಕ್ಕಿಂತ ದೊಡ್ಡದು."